ಬಾಗಿಲಿಗೆ ಒಂದು ಪಾವು

ಸತ್ಯಭಾಮಮ್ಮನನ್ನು ಮೊದಲ ಸಲ ತೂಗಿದ್ದು ಡಾಕ್ಟರ ಕೋಣೆಯಲ್ಲಿ, ಎರಡನೆಯ ಸಲ ಸೌದೆ ಡಿಪೋದಲ್ಲಿ. ಎರಡೂ ಕಡೆ ಆಕೆ ಕಣ್ಣು ಮುಚ್ಚಿಕೊಂಡಿದ್ದಳು.

ಆಗ ಆಕೆಗೆ ನಲವತ್ತಮೂರು ವರ್ಷ. ಮಗಳು ಪಂಕಜಾ ಹುಟ್ಟಿದಂದಿನಿಂದ ಹೊಕ್ಕುಳಿನ ಮೇಲೆ ನಿಂಬೆಗಾತ್ರದ ಗಂಟೊಂದು ಇತ್ತು. ಜಯನಗರಕ್ಕೆ ಮನೆ ಬದಲಾಯಿಸಿದ ನಾಲ್ಕು ವರ್ಷಗಳಲ್ಲಿ ಅದು ಮೂಸಂಬಿಯಷ್ಟಾಯಿತು. ಕೆಮ್ಮಿದರೆ ಮುಂದಕ್ಕೆ ಬರುತ್ತಿತ್ತು, ಅಂಗಾತ ಮಲಗಿ ಬೆರಳಿನಿಂದ ಒತ್ತಿದರೆ ಗುಳುಗುಳು ಎಂದು ಒಳಗೆ ಸರಿಯುತ್ತಿತ್ತು. ಹಂಡೆಗೆ ನೀರು ಹೊಯ್ಯುವಾಗ ಎಡಗೈಯಿಂದ ಅದನ್ನು ಅದುಮಿಕೊಂಡು ಬಲಗೈಯಲ್ಲೇ ಕೊಡ ಎತ್ತುವುದು ರೂಢಿಯಾಗಿಹೋಗಿತ್ತು. ಇದು ಹೇಳಿಕೊಳ್ಳಬೇಕಾದ ಕಾಯಿಲೆ ಎಂದು ಆಕೆಗೆ ಅನಿಸಿರಲಿಲ್ಲ. ಸಾವಿರದ ಒಂಬೈನೂರ ಅರವತ್ತೊಂದರ ಜೂನಿನಲ್ಲಿ ಒಂದು ಬೆಳಿಗ್ಗೆ ಗಂಟು ಒಳಗೆ ಹೋಗಲು ಒಪ್ಪಲಿಲ್ಲ. ಒಂದು ಗಂಟೆಯ ಕಾಲ ಆಕೆ ಬೆವೆತು, ವಾಂತಿ ಮಾಡಿಕೊಂಡು, ಬಚ್ಚಲುಮನೆಯ ನೆಲದ ಮೇಲೆ ಹೊರಳಾಡಿದಳು. ಕೊನೆಗೆ ಅದು ತಾನಾಗಿಯೇ ಸರಿಯಿತು. ಗಂಡ ವೆಂಕಟಾಚಲ ಕಚೇರಿಗೆ ಅರ್ಧ ದಿನದ ರಜೆ ಹಾಕಿ, ಆಕೆಯನ್ನು ಬಸವನಗುಡಿಯಲ್ಲಿ ದವಾಖಾನೆ ಇಟ್ಟಿದ್ದ ಸರ್ಜನ್ ಗುರುಬಸಪ್ಪನವರ ಹತ್ತಿರ ಕರೆದುಕೊಂಡು ಹೋದ.

ಗುರುಬಸಪ್ಪನವರು ಗಂಟನ್ನು ಒತ್ತಿ ನೋಡಿದರು, ಆಕೆಯನ್ನು ಕಬ್ಬಿಣದ ತೂಕದ ಯಂತ್ರದ ಮೇಲೆ ನಿಲ್ಲಿಸಿದರು, ಆಮೇಲೆ ಕೈ ತೊಳೆದುಕೊಂಡು ಬಂದು ಕೂತರು.

"ಹರ್ನಿಯಾ ಅಮ್ಮಾ. ಹೊಟ್ಟೆಯ ಗೋಡೆ ಸಡಿಲವಾಗಿ ಕರುಳು ಇಣುಕ್ತಾ ಇದೆ. ಹೊಲಿದುಬಿಟ್ಟರೆ ಸರಿಹೋಗುತ್ತೆ. ಆದರೆ ಈಗ ಹೊಲಿಯೋಲ್ಲ."

"ಯಾಕೆ ಸಾರ್?" ಎಂದ ವೆಂಕಟಾಚಲ.

"ಗೋಣಿಚೀಲಕ್ಕೆ ಕಂಠಮಟ್ಟ ತುಂಬಿ ಬಾಯಿ ಹೊಲಿದು ನೋಡಿ. ಹೊಲಿಗೆ ನಿಲ್ಲುತ್ತಾ? ನೂರ ಅರವತ್ತೆಂಟು ಪೌಂಡು ಇದ್ದಾರೆ. ಇಪ್ಪತ್ತು ಇಳಿಸ್ಕೊಂಡು ಬರಲಿ, ಡಿಸೆಂಬರಿನಲ್ಲಿ ಮಾಡೋಣ. ಅಲ್ಲೀತನಕ ಭಾರ ಎತ್ತಬೇಡಿ, ತಿಣುಕಬೇಡಿ."

"ಇಳಿಯದೇ ಹೋದ್ರೆ?"

ಡಾಕ್ಟರು ಆಕೆಯ ಕಡೆಗೆ ತಿರುಗಿದರು. "ಮೊನ್ನೆ ಒಂದು ಗಂಟೆ ಸಿಕ್ಕಿಹಾಕಿಕೊಂಡಿತ್ತಲ್ಲ, ಅದು ಎಂದಾದರೂ ಒಂದು ದಿನ ಬಿಡಿಸಿಕೊಳ್ಳದೇ ಹೋಗಬಹುದು. ಆಗ ತೂಕ ಎಷ್ಟಿದ್ದರೂ ಕತ್ತರಿ ಹಿಡೀಲೇಬೇಕು. ಅಂಥ ಹೊತ್ತಿನಲ್ಲಿ ಎಲ್ಲರೂ ಉಳಿಯೋದಿಲ್ಲಮ್ಮಾ."

ಅವರು ಬೆರಳಚ್ಚು ಮಾಡಿಸಿದ ಒಂದು ಹಾಳೆ ಕೊಟ್ಟರು. ಕಾಫಿಗೆ ಅರ್ಧ ಚಮಚ ಸಕ್ಕರೆ. ಬೆಳಗಿನ ಊಟಕ್ಕೆ ಒಂದೇ ಸೌಟು ಅನ್ನ, ತುಪ್ಪವಿಲ್ಲ. ಪಲ್ಯ, ಸೊಪ್ಪು, ತಿಳಿಮಜ್ಜಿಗೆ ಬೇಕಾದಷ್ಟು. ರಾತ್ರಿ ಎರಡು ಚಪಾತಿ. ಆಲೂಗಡ್ಡೆ, ಕರಿದದ್ದು, ಬೆಲ್ಲದ್ದು ಬೇಡ. ಸಾಯಂಕಾಲ ಒಂದು ಮೈಲಿ ನಡಿಗೆ. ಹಾಳೆಯಲ್ಲಿ ತಪ್ಪೇನೂ ಇರಲಿಲ್ಲ. ಒಬ್ಬ ಮನುಷ್ಯ ಏನು ತಿನ್ನಬೇಕು ಎಂಬುದನ್ನು ಅದು ಸರಿಯಾಗಿಯೇ ಹೇಳಿತ್ತು. ಅದನ್ನು ಬರೆದವರ ಕಲ್ಪನೆಯಲ್ಲಿದ್ದ ಮನುಷ್ಯ ಮಾತ್ರ ಎಲೆಯ ಮುಂದೆ ಕೂರುತ್ತಾನೆ, ಯಾರೋ ಬಡಿಸುತ್ತಾರೆ, ಉಂಡು ಏಳುತ್ತಾನೆ, ಅಲ್ಲಿಗೆ ಊಟ ಮುಗಿಯುತ್ತದೆ. ಅಡುಗೆ ಮಾಡಿದವಳು ಅದನ್ನು ಓದಬೇಕಾಗಿ ಬರುತ್ತದೆಂದು ಅವರಿಗೆ ಹೊಳೆದಿರಲಾರದು.

ತೂಕ ನೋಡಿಕೊಳ್ಳಲು ತಿಂಗಳಿಗೊಮ್ಮೆ ಬಸವನಗುಡಿಗೆ ಹೋಗುವ ಬದಲು ವೆಂಕಟಾಚಲ ಒಂದು ಉಪಾಯ ಕಂಡುಕೊಂಡ. ಬಡಾವಣೆಯ ಅಂಚಿನಲ್ಲಿ, ಮನೆಗಳು ಮುಗಿದು ರಾಗಿಹೊಲ ಶುರುವಾಗುವ ಕಡೆ, ಬೋರಣ್ಣನ ಸೌದೆ ಡಿಪೋ ಇತ್ತು. ಭಾನುವಾರ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ಗಂಡಹೆಂಡಿರು ಅಲ್ಲಿಗೆ ಹೋದರು. ಸರಪಳಿಯಲ್ಲಿ ತೂಗುಬಿಟ್ಟ ಹಲಗೆಯ ತಟ್ಟೆಯಲ್ಲಿ ಸತ್ಯಭಾಮಮ್ಮ ಸರಪಳಿ ಹಿಡಿದು ಕೂತಳು. ಇನ್ನೊಂದು ತಟ್ಟೆಗೆ ಬೋರಣ್ಣ ಹೊಸದಾಗಿ ಬಂದಿದ್ದ ಕೆಜಿ ಕಲ್ಲುಗಳನ್ನು ಒಂದೊಂದಾಗಿ ಪೇರಿಸಿದ.

"ಎಪ್ಪತ್ತಾರು ಸಾಮಿ."

ಆಕೆ ಕಣ್ಣು ಬಿಟ್ಟಳು. "ನೂರ ಅರವತ್ತೆಂಟು ಅಂದಿದ್ರಲ್ಲ ಡಾಕ್ಟರು? ಇಷ್ಟು ಬೇಗ ಇಳಿದೋಯ್ತಾ?"

"ಅದು ಪೌಂಡು, ಇದು ಕೆಜಿ. ಎರಡೂ ಒಂದೇ," ಎಂದ ವೆಂಕಟಾಚಲ, ಜೇಬಿನ ಪೆನ್ಸಿಲಿನಲ್ಲಿ ಗುಣಾಕಾರ ಹಾಕುತ್ತ. "ಒಂದು ಗುಂಜಿಯೂ ಇಳಿದಿಲ್ಲ."

"ಸೌದೆಯಾಗಿದ್ರೆ ಹಸೀದು ಅಂತ ಎರಡು ಕೆಜಿ ಬಿಟ್ಟುಕೊಡ್ತಿದ್ದೆ ಅಮ್ಮಾವ್ರೇ," ಎಂದು ಬೋರಣ್ಣ ಗಂಭೀರವಾಗಿಯೇ ಹೇಳಿದ. ವೆಂಕಟಾಚಲ ನಕ್ಕ. ಆಕೆಗೂ ನಗು ಬಂತು. ನಕ್ಕರೆ ಗಂಟು ಮುಂದೆ ಬರುತ್ತದೆಂದು ತುಟಿ ಕಚ್ಚಿಕೊಂಡಳು.

ಅಂದಿನಿಂದ ಸತ್ಯಭಾಮಮ್ಮ ಆ ಹಾಳೆಯನ್ನು ವ್ರತದಂತೆ ಹಿಡಿದಳು. ತನ್ನ ಎಲೆಗೆ ಒಂದು ಸೌಟು ಎಂದರೆ ಒಂದೇ ಸೌಟು. ಹುಳಿಗೆ ತುಪ್ಪ ಹಾಕಿಕೊಳ್ಳುವುದನ್ನು ಬಿಟ್ಟಳು. ಮನೆಯವರಿಗೆಂದು ಕೋಡುಬಳೆ ಕರಿದು ಡಬ್ಬ ತುಂಬಿದಳು, ಒಂದನ್ನೂ ಬಾಯಿಗಿಡಲಿಲ್ಲ. ಸಾಯಂಕಾಲ ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು ಖಾಲಿ ನಿವೇಶನಗಳ ನಡುವೆ ನಡೆದು ಬಂದಳು. ಉಳಿದ ಕೆಲಸಗಳೆಲ್ಲ ಮೊದಲಿನಂತೆಯೇ ಇದ್ದವು. ಬೆಳಿಗ್ಗೆ ಐದಕ್ಕೆ ನಲ್ಲಿ ನೀರು ಹಿಡಿಯುವುದು, ಸ್ನಾನ, ಅಡುಗೆ, ಒಂಬತ್ತಕ್ಕೆ ಗಂಡನ ಊಟ, ಆಮೇಲೆ ಕಾಲೇಜಿಗೆ ಹೊರಟ ಪಂಕಜಾಳ ಊಟ, ಹನ್ನೆರಡಕ್ಕೆ ಅತ್ತೆ ಲಕ್ಷ್ಮಮ್ಮನವರ ಊಟ, ಕೊನೆಗೆ ತನ್ನದು. ಆಮೇಲೆ ಪಾತ್ರೆ ಬರಿದುಮಾಡಿ, ಅಡುಗೆಮನೆ ತೊಳೆದು, ಹಿತ್ತಲಿನಲ್ಲಿ ಮುಸುರೆ ತಿಕ್ಕಿ ಬೆನ್ನು ನೆಲಕ್ಕೆ ತಾಗಿಸುವ ಹೊತ್ತಿಗೆ ಎರಡೂವರೆ. ಮೂರಕ್ಕೆ ಮತ್ತೆ ಕಾಫಿಯ ಡಿಕಾಕ್ಷನ್.

ಒಂದು ತಿಂಗಳಾದ ಮೇಲೆ ಬೋರಣ್ಣನ ತಕ್ಕಡಿ ಎಪ್ಪತ್ತಾರಕ್ಕೆ ಸ್ವಲ್ಪ ಕಡಿಮೆ ಹೇಳಿತು. ಎರಡು ತಿಂಗಳಾದ ಮೇಲೆ ಎಪ್ಪತ್ತೈದೂಕಾಲು. ಎರಡು ಪೌಂಡು.

ಡಾಕ್ಟರು ಹಾಳೆಯನ್ನು ನೋಡಿದರು, ಆಕೆಯನ್ನು ನೋಡಿದರು. "ಅಮ್ಮಾ, ಇದರಲ್ಲಿ ಬರೆದಿರೋದು ಬಿಟ್ಟು ಬೇರೇನು ತಿಂತೀರಿ?"

"ಏನೂ ಇಲ್ಲ."

"ಬಾಯಿ ಸುಳ್ಳು ಹೇಳಬಹುದು, ಮೈ ಹೇಳೋದಿಲ್ಲ." ಅವರೇನೂ ಗದರಿಸಲಿಲ್ಲ. ಇಂಥ ಎಷ್ಟೋ ಮಂದಿಯನ್ನು ಕಂಡ ದಣಿವಿನಿಂದ ಹೇಳಿದರು. ಆ ದಣಿವೇ ಆಕೆಗೆ ಹೆಚ್ಚು ನಾಟಿತು.

ಮನೆಯಲ್ಲಿ ಮಾತು ಇನ್ನೊಂದು ದಾರಿ ಹಿಡಿಯಿತು. "ಇವಳದ್ದು ನೀರು ಕುಡಿದ್ರೂ ಮೈಗೆ ಹತ್ತೋ ವಂಶ," ಎಂದು ವೆಂಕಟಾಚಲ ತಾಯಿಯ ಹತ್ತಿರ ಹೇಳಿದ. "ಅವರಮ್ಮ ಹೇಗಿದ್ರು ನೋಡಿದ್ದೀಯಲ್ಲ, ಬಾಗಿಲಲ್ಲಿ ಓರೆಯಾಗಿ ಬರ್ತಿದ್ರು." ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದ ಪಂಕಜಾ ಮಾತ್ರ ವಂಶದ ಮಾತನ್ನು ಒಪ್ಪಲಿಲ್ಲ. ಒಳಗೆ ಹೋಗದೆ ಮೈಗೆ ಬರುವುದು ಯಾವ ನಿಯಮಕ್ಕೂ ಹೊಂದುವುದಿಲ್ಲ ಎಂದು ಅವಳ ವಾದ. ವಾದವೇನೋ ಸರಿಯೇ. ಆದರೆ ನಿಯಮವನ್ನು ನಂಬಿದವರು ಅಷ್ಟಕ್ಕೇ ನಿಲ್ಲುವುದಿಲ್ಲ, ಮನುಷ್ಯರನ್ನು ಅನುಮಾನಿಸುತ್ತಾರೆ. ಒಂದು ದಿನ ಕೋಡುಬಳೆಯ ಡಬ್ಬ ತೆಗೆಯಹೋದ ಸತ್ಯಭಾಮಮ್ಮನಿಗೆ ಮುಚ್ಚಳದ ಸುತ್ತ ಬಿಳಿಯ ನೂಲೊಂದು ಕಟ್ಟಿದ್ದು ಕಂಡಿತು. ಯಾರಾದರೂ ಮುಚ್ಚಳ ತೆಗೆದರೆ ಗೊತ್ತಾಗಬೇಕೆಂದು ಕಟ್ಟಿದ ನೂಲು. ಹತ್ತಾರು ಸಲ ಆ ಡಬ್ಬವನ್ನು ತುಂಬಿದವಳು ಅದನ್ನು ಮುಟ್ಟದೆ ಕೈ ಹಿಂದಕ್ಕೆ ತೆಗೆದುಕೊಂಡಳು. ಮಗಳನ್ನು ಕೇಳಲಿಲ್ಲ. ಅಳುವಷ್ಟು ಬಿಡುವೂ ಇರಲಿಲ್ಲ. ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು.

ರಾತ್ರಿ ಮಲಗಿದಾಗ ಅಂಗೈಯನ್ನು ಗಂಟಿನ ಮೇಲಿಟ್ಟುಕೊಂಡು ಆಕೆ ಲೆಕ್ಕ ಹಾಕುತ್ತಿದ್ದಳು: ಸೆಪ್ಟೆಂಬರು, ಅಕ್ಟೋಬರು, ನವೆಂಬರು. ಹದಿನೆಂಟು ಪೌಂಡು. ತಾನು ಸಾಯುವುದಕ್ಕಿಂತ, ಕದ್ದು ತಿಂದು ಸತ್ತಳು ಎನ್ನಿಸಿಕೊಳ್ಳುವುದು ಆಕೆಗೆ ಹೆಚ್ಚು ಭಯವಾಗಿ ಕಾಣುತ್ತಿತ್ತು.

ಎರಡು ತಿಂಗಳು ನಿಂತಿದ್ದ ಮುಟ್ಟು ಆಗಸ್ಟಿನ ಕೊನೆಯಲ್ಲಿ ಬಂತು. ಆ ಮನೆಯಲ್ಲಿ ಮೂರು ದಿನ ಹೊರಗೆ ಕೂರುವ ಪದ್ಧತಿ ಇನ್ನೂ ಇತ್ತು. ಚಾಪೆ, ಚೊಂಬು, ಒಂದು ಹಳೆಯ ಕಂಬಳಿಯೊಂದಿಗೆ ಸತ್ಯಭಾಮಮ್ಮ ಹಿತ್ತಲ ಜಗುಲಿ ಸೇರಿದಳು. ನಿಜ ಹೇಳಬೇಕೆಂದರೆ ವರ್ಷದಲ್ಲಿ ಆಕೆಗೆ ಸಿಗುತ್ತಿದ್ದ ರಜೆ ಅದೊಂದೇ. ಅತ್ತೆ ಮಡಿಯಲ್ಲಿ ಅಡುಗೆ ಮಾಡಿದರು. ಕಾಲೇಜಿಗೆ ರಜೆಯಿದ್ದುದರಿಂದ ಪಂಕಜಾ ಬಡಿಸಿದಳು, ತಾಯಿಯ ಎಲೆಗೆ ಹಾಳೆಯಲ್ಲಿದ್ದಂತೆಯೇ ಒಂದು ಸೌಟು ಅನ್ನ ತಂದಿಟ್ಟಳು. ಹಿಂದೆಲ್ಲ ಹೊರಗೆ ಕೂತಾಗ ಲಕ್ಷ್ಮಮ್ಮನವರೇ ಬಡಿಸುತ್ತಿದ್ದರು. ಉಳಿದದ್ದನ್ನೆಲ್ಲ ತಂದು ಸೊಸೆಯ ಎಲೆಗೆ ಸುರಿದು ಒಳಗೆ ಹೋಗುತ್ತಿದ್ದರು. ಈ ಸಲ ಪಂಕಜಾ ಹಾಗೆ ಮಾಡಲಿಲ್ಲ. ಮಿಕ್ಕಿದ್ದನ್ನು ಅಲ್ಯುಮಿನಿಯಂ ಪಾತ್ರೆಗೆ ಹಾಕಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ತಂದಿಟ್ಟು ತಟ್ಟೆ ಮುಚ್ಚಿದಳು. ರಾತ್ರಿಯದನ್ನೂ ಅದಕ್ಕೇ ಹಾಕಿದಳು. ಎರಡನೆಯ ದಿನ ಪಾತ್ರೆ ಸಾಲದೆ ಬಕೆಟ್ಟು ಬಂತು.

ಮೂರನೆಯ ದಿನ ಮಧ್ಯಾಹ್ನ ಕಾಗೆಗಳು ತಟ್ಟೆಯನ್ನು ಕೆಡವಿದವು. ಹುಳಿವಾಸನೆ ಜಗುಲಿಗೆ ಬಂತು. ಸತ್ಯಭಾಮಮ್ಮ ಎದ್ದು ಹೋಗಿ ನೋಡಿದಳು. ಅನ್ನ, ಅದರ ಮೇಲೆ ಹೆಪ್ಪುಗಟ್ಟಿದ ಹುಳಿ, ಸಾರಿನ ಗಸಿ, ಏಕಾದಶಿಯೆಂದು ಅತ್ತೆ ಹಿಂದಿನ ದಿನ ಮಾಡಿದ್ದ ಗೋಧಿರವೆಯ ಉಪ್ಪಿಟ್ಟು. ಬಕೆಟ್ಟಿನ ಮುಕ್ಕಾಲು ಭಾಗ. ಇರುವೆಗಳು ಸಾಲುಗಟ್ಟಿದ್ದವು.

"ಪಂಕಜಾ! ಏನೇ ಇದು?"

"ಮಿಕ್ಕಿದ್ದಮ್ಮ," ಎಂದಳು ಮಗಳು ಬಾಗಿಲಿಗೆ ಬಂದು.

"ಇಷ್ಟೊಂದು ಮಿಗಿಸ್ತಾರೇನೇ? ಅಜ್ಜಿ ಎಷ್ಟು ಪಾವು ಅಳೆದ್ರು?"

"ದಿನಾ ಅಳೆಯೋಷ್ಟೇ. ಮೂರು." ಪಂಕಜಾ ಬಕೆಟ್ಟನ್ನೊಮ್ಮೆ ನೋಡಿ ತಾಯಿಯ ಕಡೆಗೆ ತಿರುಗಿದಳು. "ನೀನು ದಿನಾ ಇದನ್ನ ಏನು ಮಾಡ್ತಿದ್ದೆ?"

ಸತ್ಯಭಾಮಮ್ಮ ಬಿದ್ದಿದ್ದ ತಟ್ಟೆ ಎತ್ತಿ ಬಕೆಟ್ಟಿನ ಮೇಲೆ ಮುಚ್ಚಿದಳು. ಒಗೆಯುವ ಕಲ್ಲಿನ ಮೇಲೆ ಮೆಲ್ಲನೆ ಕೂತಳು.

ಆಕೆ ಸುಳ್ಳು ಹೇಳಿರಲಿಲ್ಲ. ಊಟವೆಂದರೆ ಎಲೆಯ ಮುಂದೆ ಕೂತು, ಬಡಿಸಿಕೊಂಡು ತಿನ್ನುವುದು. ಅದನ್ನು ಆಕೆ ಒಂದು ಸೌಟಿಗೆ ಇಳಿಸಿದ್ದಳು. ಆಮೇಲೆ ಪಾತ್ರೆ ಬರಿದುಮಾಡುತ್ತಿದ್ದುದು ಊಟವಲ್ಲ, ಅದು ಕೆಲಸ. ನೆಲ ಸಾರಿಸಿದಂತೆ, ಮುಸುರೆ ತಿಕ್ಕಿದಂತೆ. ಅನ್ನದ ತಪ್ಪಲೆಗೆ ಹುಳಿಯ ತಳವನ್ನು ಬಳಿದು ಹಾಕಿ, ತುಪ್ಪದ ಗಿಂಡಿಯಲ್ಲಿ ಅಂಟಿದ್ದನ್ನು ಬೆರಳಿನಿಂದ ಸವರಿ ಕಲಸಿ, ನಿಂತುಕೊಂಡೇ, ಕಿಟಕಿಯ ಹೊರಗೆ ನೋಡುತ್ತ, ನಾಲಗೆಗೆ ರುಚಿ ತಿಳಿಯುವ ಮೊದಲೇ ಮುಗಿಸುವುದು. ರಾತ್ರಿಯ ತಂಗಳು ಬೆಳಿಗ್ಗೆ ಹತ್ತಕ್ಕೆ ಮಜ್ಜಿಗೆಯೊಂದಿಗೆ ಹಾಗೆಯೇ ಹೋಗುತ್ತಿತ್ತು. ತಂಗಳನ್ನು ಗಂಡಸರಿಗೆ ಬಡಿಸುವ ಮನೆಯಲ್ಲ ಅದು. ಯುದ್ಧದ ಕಾಲದಲ್ಲಿ ರೇಷನ್ ಅಕ್ಕಿಗೆ ಸಾಲು ನಿಂತವಳಿಗೆ ಅನ್ನವನ್ನು ಮೋರಿಗೆ ಎಸೆಯಲು ಕೈ ಬರುವುದಿಲ್ಲ. ಇದರಲ್ಲಿ ವಿಚಿತ್ರವೆಂದರೆ, ಹಾಳೆಯಂತೆ ತನ್ನ ಎಲೆಯಿಂದ ಆಕೆ ಉಳಿಸಿದ ಎರಡು ಸೌಟು ಅನ್ನವೂ ತಪ್ಪಲೆಯಲ್ಲೇ ಮಿಕ್ಕು, ಅರ್ಧ ಗಂಟೆಯ ಮೇಲೆ ತಪ್ಪಲೆಯಿಂದ ಆಕೆಯ ಬಾಯಿಗೇ ಬರುತ್ತಿತ್ತು. ಎರಡು ತಿಂಗಳು ಆಕೆ ಪಥ್ಯ ಮಾಡಿದ್ದು ನಿಜ. ಬಿಟ್ಟದ್ದನ್ನೆಲ್ಲ ತಿಂದದ್ದೂ ನಿಜ.

ಚಾಮರಾಜಪೇಟೆಯ ಕೂಡುಮನೆಯಲ್ಲಿದ್ದಾಗ ಹೀಗಿರಲಿಲ್ಲ. ಅಲ್ಲಿ ಒಂಬತ್ತು ಜನ, ಹಿಂದಿನ ಗಲ್ಲಿಯಲ್ಲಿ ಎಮ್ಮೆಗಳು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕ ಅನ್ನ ಎಲ್ಲ ಕಲಗಚ್ಚಿನ ಬಾನಿಗೆ ಬೀಳುತ್ತಿತ್ತು. ಎಮ್ಮೆಯವಳು ಬಂದು ಒಯ್ಯುತ್ತಿದ್ದಳು. ಅಣ್ಣತಮ್ಮಂದಿರು ಬೇರೆಯಾಗಿ, ವೆಂಕಟಾಚಲ ನಿವೇಶನ ಕೊಂಡು ಇಲ್ಲಿಗೆ ಬಂದ ಮೇಲೆ ಎಮ್ಮೆಯೂ ಇಲ್ಲ, ಬಾನಿಯೂ ಇಲ್ಲ. ಭಿಕ್ಷುಕರು ಕೂಡ ಇನ್ನೂ ದಾರಿ ಕಂಡುಕೊಳ್ಳದಷ್ಟು ಹೊಸದು ಆ ಬಡಾವಣೆ. ಬಾನಿಯ ಜಾಗಕ್ಕೆ ತಾನು ಬಂದಿದ್ದೇನೆ ಎಂದು ಸತ್ಯಭಾಮಮ್ಮನಿಗೆ ಆ ಮಧ್ಯಾಹ್ನ ಕಲ್ಲಿನ ಮೇಲೆ ಕೂತಾಗ ಅರ್ಥವಾಯಿತು. ಅರ್ಥವಾದದ್ದರಿಂದ ಹಗುರವೇನೂ ಆಗಲಿಲ್ಲ. ನಾಲ್ಕು ವರ್ಷ ನಿಂತು ತಿಂದದ್ದೆಲ್ಲ ಒಟ್ಟಿಗೆ ಮೈಮೇಲೆ ಕೂತಂತೆ ಆಯಾಸವಾಯಿತು.

ಪಂಕಜಾ ಒಳಗೆ ಹೋದಳು. ನಾಲ್ಕನೆಯ ದಿನ ಸ್ನಾನ ಮಾಡಿ ಅಡುಗೆಮನೆಗೆ ಬಂದ ಸತ್ಯಭಾಮಮ್ಮ ನೋಡಿದಾಗ ಡಬ್ಬದ ಮೇಲೆ ನೂಲು ಇರಲಿಲ್ಲ.

ಅಂದು ಬೆಳಿಗ್ಗೆಯೇ ಆಕೆ ಅತ್ತೆಯ ಹತ್ತಿರ ಮಾತು ತೆಗೆದಳು. ಇದು ಸುಲಭದ ಕೆಲಸವಾಗಿರಲಿಲ್ಲ. ಕೂಡುಮನೆಯಿಂದ ಲಕ್ಷ್ಮಮ್ಮನವರ ಜೊತೆಗೆ ಬಂದ ಅಧಿಕಾರ ಒಂದೇ ಒಂದು: ದಿನಾ ಬೆಳಿಗ್ಗೆ ಹಿತ್ತಾಳೆಯ ಪಾವಿನಲ್ಲಿ ಅಕ್ಕಿ ಅಳೆದುಕೊಡುವುದು. ಅಳೆಯುವಾಗ ಅವರು ಬಾಯಲ್ಲಿ ಹೇಳುವುದೂ ಇತ್ತು: "ಮನೆಗೆ ಒಂದು, ಮನೆಗೆ ಎರಡು, ಬಾಗಿಲಿಗೆ ಒಂದು." ಬಾಗಿಲಿಗೆ ಎಂದರೆ ಹೊತ್ತಲ್ಲದ ಹೊತ್ತಿನಲ್ಲಿ ಬರುವ ಅತಿಥಿಗೆ.

"ಅತ್ತೆ, ಇನ್ನು ಮೇಲೆ ಎರಡೇ ಪಾವು ಅಳೀರಿ."

"ಯಾಕೆ ಭಾಮಾ? ಅಕ್ಕಿ ಮುಗೀತಾ?"

"ಮುಗಿದಿಲ್ಲ. ಮಿಗುತ್ತೆ."

"ಮಿಗಲಿ ಅಂತಲೇ ಅಳೆಯೋದು. ತಪ್ಪಲೆ ಬರಿದಾಗೋ ಮನೆ ಒಂದು ಮನೆಯೇನೇ? ಯಾರಾದ್ರೂ ಬಂದ್ರೆ?"

"ನಾಲ್ಕು ವರ್ಷದಲ್ಲಿ ಊಟದ ಹೊತ್ತಿಗೆ ಯಾರು ಬಂದಿದ್ದಾರೆ, ಹೇಳಿ."

ಲಕ್ಷ್ಮಮ್ಮ ಯೋಚಿಸಿದರು. "ನಮ್ಮ ಚಾಮರಾಜಪೇಟೆ ಶಾಮಣ್ಣ ಬಂದಿದ್ನಲ್ಲ."

"ಅವರು ಬಂದದ್ದು ಗೃಹಪ್ರವೇಶಕ್ಕೆ. ಕರೆದಿದ್ವಿ."

"ಕರೆದಾದ್ರೂ ಬಂದ್ನಲ್ಲ!" ಮುದುಕಿ ಪಾವನ್ನು ಅಕ್ಕಿಯಲ್ಲಿ ಅದ್ದಿ ಗೋಪುರದಂತೆ ತುಂಬಿ ಮೊರಕ್ಕೆ ಸುರಿದರು. "ನಾನೂ ನಲವತ್ತು ವರ್ಷ ಮಿಕ್ಕಿದ್ದು ತಿಂದವಳೇ ಕಣೆ. ಏನಾಗಿದೆ ನನಗೆ? ನೋಡು, ಕಡ್ಡಿ ಹಾಗಿದೀನಿ. ಡಾಕ್ಟರು ಹೇಳಿದ್ರು ಅಂತ ಮನೆ ಬಾಗಿಲು ಹಾಕೋಕಾಗುತ್ತಾ?"

ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅವರ ಸೊಸೆತನದ ಕಾಲದಲ್ಲಿ ಬಾವಿಯಿಂದ ದಿನಕ್ಕೆ ನಲವತ್ತು ಕೊಡ ನೀರು ಸೇದಬೇಕಿತ್ತು, ಬತ್ತ ಮನೆಯಲ್ಲೇ ಕುಟ್ಟಬೇಕಿತ್ತು, ತಿಂದದ್ದು ಒನಕೆಗೇ ಸಾಲುತ್ತಿರಲಿಲ್ಲ. ಈಗ ಗಿರಣಿ ಬಂದಿದೆ, ನಲ್ಲಿ ಬಂದಿದೆ, ಪಾವು ಮಾತ್ರ ಅದೇ ಉಳಿದಿದೆ. ಇದನ್ನು ಸತ್ಯಭಾಮಮ್ಮ ವಾದಕ್ಕಿಳಿದು ಹೇಳಬಹುದಿತ್ತು. ಹೇಳಲಿಲ್ಲ. ಎಪ್ಪತ್ತರ ಮುದುಕಿಯ ಕೈಯಿಂದ ಒಂದು ಪಾವನ್ನು ಕಸಿಯುವುದಕ್ಕೆ ಬೇಕಾದ ಶಕ್ತಿ ಆಕೆಯಲ್ಲಿ ಇರಲಿಲ್ಲ. ಮೊರ ಎತ್ತಿಕೊಂಡು ಒಳಗೆ ಹೋದಳು.

ದಾರಿ ಇನ್ನೊಂದು ಇತ್ತು, ಅದು ದಿನಾ ಬೆಳಿಗ್ಗೆ ಏಳಕ್ಕೆ ಗೇಟಿನ ಮುಂದೆಯೇ ಹೋಗುತ್ತಿತ್ತು. ಸುದ್ದಗುಂಟೆಪಾಳ್ಯದ ಮುನಿವೆಂಕಟಮ್ಮ ತಲೆಯ ಮೇಲೆ ಸೊಪ್ಪಿನ ಬುಟ್ಟಿ ಹೊತ್ತು ಬರುವವಳು. ದಂಟು, ಕೀರೆ, ಸಬ್ಬಸಿಗೆ. ಮಾರನೆಯ ದಿನ ಸೊಪ್ಪು ಕೊಳ್ಳುವಾಗ ಸತ್ಯಭಾಮಮ್ಮ ಹಿಂಜರಿಯುತ್ತ ಕೇಳಿದಳು, "ನಿಮ್ಮಲ್ಲಿ ಎಮ್ಮೆ ಏನಾದ್ರೂ ಇದ್ಯಾ?"

"ಒಂದೈತವ್ವ. ಯಾಕೆ, ಹಾಲು ಬೇಕಾ?"

"ಹಾಲಲ್ಲ. ಕಲಗಚ್ಚು ಕೊಡ್ತೀನಿ. ಒಯ್ತೀಯಾ?"

ಮುನಿವೆಂಕಟಮ್ಮ ಬುಟ್ಟಿ ಇಳಿಸಿ ಸೊಂಟದ ಮೇಲೆ ಕೈಯಿಟ್ಟಳು. "ಅಲ್ಲ ತಾಯಿ, ನಾಕು ವರ್ಸದಿಂದ ಈ ಬಾಗಿಲಲ್ಲೇ ಓಡಾಡ್ತಿವ್ನಿ. ಈಗ ಕೇಳ್ತೀರಲ್ಲ! ಅಯ್ನೋರ ಮನೇಲಿ ಏನೂ ಮಿಗಾಕಿಲ್ಲ, ಅಂಗೆ ಅಳತೆ ಮಾಡಿ ಬೇಯಿಸ್ತಾರೆ ಅಂದ್ಕಂಡಿದ್ದೆ."

"ನೀನಾದ್ರೂ ಕೇಳಬಾರದಾಗಿತ್ತೇ?"

"ನೀವಾದ್ರೂ ಕೂಗಬಾರದಾಗಿತ್ತಾ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಕಲಗಚ್ಚನ್ನು ಎಮ್ಮೆಯವರೇ ಬಂದು ಕೇಳಬೇಕು, ಮನೆಯವರು ಕರೆದು ಕೊಟ್ಟರೆ ಎಂಜಲು ಕೊಟ್ಟಂತಾಗುತ್ತದೆ ಎಂದು ಸತ್ಯಭಾಮಮ್ಮ ತಿಳಿದಿದ್ದಳು. ಗುರುತಿಲ್ಲದ ದೊಡ್ಡ ಮನೆಗಳಲ್ಲಿ ತಾನಾಗಿ ಕೇಳಿದರೆ ಭಿಕ್ಷೆ ಎತ್ತಿದಂತಾಗುತ್ತದೆ ಎಂದು ಮುನಿವೆಂಕಟಮ್ಮ. ಈ ಮರ್ಯಾದೆಯ ನಡುವೆ ನಾಲ್ಕು ವರ್ಷದ ಅನ್ನ ಒಬ್ಬಳ ಹೊಟ್ಟೆ ಸೇರಿತ್ತು.

ಹಿತ್ತಲಿಗೆ ಮಣ್ಣಿನ ಬಾನಿ ಬಂತು. ಮೊದಲ ದಿನ ಸತ್ಯಭಾಮಮ್ಮ ಅನ್ನದ ತಪ್ಪಲೆಯನ್ನು ಅದರ ಹತ್ತಿರ ತಂದಳು. ಒಂದು ಹಿಡಿ ಹಾಕಿದಳು, ತಪ್ಪಲೆಯಲ್ಲಿ ಉಳಿದ ಎರಡು ಹಿಡಿಯನ್ನು ಅಭ್ಯಾಸಬಲದಿಂದ ಬಾಯಿಗಿಟ್ಟಳು, ಆಮೇಲೆ ನೆನಪಾಗಿ ಬಾಗಿಲಿನಲ್ಲೇ ನಿಂತುಬಿಟ್ಟಳು. ಅಭ್ಯಾಸ ತಪ್ಪಿಸಲು ಆಕೆ ಕಂಡುಕೊಂಡ ಉಪಾಯ ಸರಳವಾದದ್ದು: ತನ್ನ ಎಲೆಗೆ ಬಡಿಸಿಕೊಳ್ಳುವ ಮೊದಲೇ ತಪ್ಪಲೆಯನ್ನು ಬಾನಿಗೆ ಬಗ್ಗಿಸಿ, ನೀರು ಹಾಕಿ ನೆನೆಯಲು ಬಿಟ್ಟು, ಆಮೇಲೆ ಕೂರುವುದು. ಎದ್ದ ಮೇಲೆ ಬಳಿಯಲು ಏನೂ ಇರುತ್ತಿರಲಿಲ್ಲ. ಮೊದಲ ವಾರ ನಾಲ್ಕು ಗಂಟೆಗೆ ಹಸಿವಾಗುತ್ತಿತ್ತು. ಒಂದು ಲೋಟ ಮಜ್ಜಿಗೆ, ಒಂದು ಸೌತೆಕಾಯಿ. ಹಸಿವು ಹೇಗಿರುತ್ತದೆ ಎಂಬುದು ಆಕೆಗೆ ಎಷ್ಟೋ ವರ್ಷಗಳ ಮೇಲೆ ತಿಳಿಯಿತು.

ಸೆಪ್ಟೆಂಬರಿನ ಕೊನೆಗೆ ಬೋರಣ್ಣನ ತಕ್ಕಡಿ ಎಪ್ಪತ್ಮೂರೂವರೆ ಹೇಳಿತು. ವೆಂಕಟಾಚಲ ಗುಣಾಕಾರವನ್ನು ಎರಡು ಸಲ ಮಾಡಿದ. ಅಕ್ಟೋಬರಿನಲ್ಲಿ ನವರಾತ್ರಿಯ ಕೋಸಂಬರಿ, ಹೋಳಿಗೆಗಳ ನಡುವೆಯೂ ಎಪ್ಪತ್ತೆರಡು. ನವೆಂಬರಿನಲ್ಲಿ ಎಪ್ಪತ್ತು.

"ಏನಮ್ಮಾವ್ರೇ, ದಿನಾ ಒಣಗ್ತಾ ಇದೀರ," ಎಂದ ಬೋರಣ್ಣ. "ನಮ್ಮ ಸೌದೆ ಹಿಂಗೆ ಒಣಗಿದ್ರೆ ನಾನು ಮುಳುಗಿದ್ದೆ."

"ನಮ್ಮೆಮ್ಮೆ ನೋಡ್ಬೇಕವ್ವ ನೀವು," ಎಂದಳು ಮುನಿವೆಂಕಟಮ್ಮ, "ಮೈಯೆಲ್ಲ ಮಿಂಚ್ತಾ ಐತೆ. ಹಾಲು ಮಾತ್ರ ಮೊದಲಿನಷ್ಟೇಯ."

ಡಿಸೆಂಬರಿನ ಎರಡನೆಯ ವಾರ ಡಾಕ್ಟರ ಯಂತ್ರದ ಮೇಲೆ ಆಕೆ ಕಣ್ಣು ಬಿಟ್ಟುಕೊಂಡು ನಿಂತಳು. ನೂರ ಐವತ್ತೂವರೆ. ಗುರುಬಸಪ್ಪನವರು ಮುಳ್ಳನ್ನು ಬಗ್ಗಿ ನೋಡಿದರು. "ಎರಡೂವರೆ ಪೌಂಡು ನನ್ನ ಲೆಕ್ಕಕ್ಕಿರಲಿ. ಸೋಮವಾರ ಬನ್ನಿ." ಆಮೇಲೆ ತಲೆಯೆತ್ತದೆ ಕೇಳಿದರು, "ಆಗ ಏನು ತಿಂತಿದ್ರಿ ಅಮ್ಮಾ? ಈಗಲಾದ್ರೂ ಹೇಳಿ."

"ಮಿಕ್ಕಿದ್ದು," ಎಂದಳು ಸತ್ಯಭಾಮಮ್ಮ.

ಡಾಕ್ಟರು ಪೆನ್ನು ಕೆಳಗಿಟ್ಟರು. ತಮ್ಮ ಮನೆಯ ಊಟದ ಹೊತ್ತು ನೆನಪಾಯಿತೋ ಏನೋ, ಮತ್ತೆ ಪೆನ್ನು ಎತ್ತಿಕೊಂಡರು. ಬೆರಳಚ್ಚಿನ ಹಾಳೆಯ ಕೆಳಗೆ ಕೈಯಿಂದ ಏನೋ ಒಂದು ಸಾಲು ಬರೆದುಕೊಂಡರು.

ಹೊಲಿಗೆ ನಿಂತಿತು. ಹನ್ನೆರಡು ದಿನಗಳ ಮೇಲೆ ಆಕೆಯನ್ನು ಮನೆಗೆ ಕರೆತಂದು ನಡುಮನೆಯ ಮಂಚದ ಮೇಲೆ ಮಲಗಿಸಿದರು. ಮೂರು ತಿಂಗಳು ಕೊಡ ಎತ್ತುವಂತಿಲ್ಲ, ಒಲೆಯ ಮುಂದೆ ಬಗ್ಗುವಂತಿಲ್ಲ. ಹೊಟ್ಟೆಯ ಮೇಲೆ ಗಂಟಿನ ಜಾಗದಲ್ಲಿ ಉದ್ದನೆಯ ಹೊಲಿಗೆಯ ಗುರುತು. ಅಂಗೈ ಅಭ್ಯಾಸದಿಂದ ಅಲ್ಲಿಗೆ ಹೋಗಿ, ಒತ್ತಲು ಏನೂ ಸಿಗದೆ ಸುಮ್ಮನೆ ಕೂರುತ್ತಿತ್ತು. ಸಂತೋಷವೆಂದು ಕರೆಯಬಹುದಾದದ್ದು ಇನ್ನೂ ಬಂದಿರಲಿಲ್ಲ. ನಿದ್ದೆ ಬರುತ್ತಿತ್ತು, ಅಷ್ಟೇ. ಇಪ್ಪತ್ತೈದು ವರ್ಷದ ಬಾಕಿ ನಿದ್ದೆ.

ಮಾರನೆಯ ದಿನ ಬೆಳಿಗ್ಗೆ ಅಡುಗೆಮನೆಯಿಂದ ಅಕ್ಕಿಯ ಡಬ್ಬದ ಮುಚ್ಚಳ ತೆಗೆದ ಸದ್ದಿಗೆ ಆಕೆಗೆ ಎಚ್ಚರವಾಯಿತು.

"ಮನೆಗೆ ಒಂದು." ಮೊರಕ್ಕೆ ಅಕ್ಕಿ ಬಿದ್ದ ಸದ್ದು. "ಮನೆಗೆ ಎರಡು." ಮತ್ತೆ ಸದ್ದು. ಪಾವು ಮೂರನೆಯ ಸಲ ಅಕ್ಕಿಗೆ ಇಳಿದದ್ದು ಕೇಳಿಸಿತು. ಮೇಲೆ ಬಂದದ್ದು ಕೇಳಿಸಿತು. ಆಮೇಲೆ ಅಕ್ಕಿ ಮೊರಕ್ಕಲ್ಲ, ಡಬ್ಬಕ್ಕೇ ಬಿದ್ದಿತು.

"ಬಾಗಿಲಿಗೆ, ಅಜ್ಜಿ?" ಎಂದಳು ಪಂಕಜಾ.

"ಬಂದಾಗ ನೋಡ್ಕೊಳ್ಳೋಣ. ಒಲೆ ಎಲ್ಲಿಗೂ ಓಡಿಹೋಗೋಲ್ಲ."

"ಇದೇನಜ್ಜಿ ಇದ್ದಕ್ಕಿದ್ದ ಹಾಗೆ?"

"ಇದ್ದಕ್ಕಿದ್ದ ಹಾಗೆ ಏನು ಬಂತು? ಆ ಸೊಪ್ಪಿನವಳು ರಾಗಿ ಕೊಯ್ಲು ಅಂತ ಹತ್ತು ದಿನದಿಂದ ಪತ್ತೆಯಿಲ್ಲ. ಮಿಕ್ಕಿದ್ದನ್ನ ಯಾರು ತಿನ್ನಬೇಕು? ನೀನು ಕಾಲೇಜು ಅಂತ ಓಡ್ತೀಯ, ನಿಮ್ಮಪ್ಪ ಆಫೀಸು ಅಂತ ಓಡ್ತಾನೆ. ಎಸೆಯೋಕೆ ಮನಸ್ಸು ಬರಲ್ಲ. ನಾನೇ ತಿಂದೂ ತಿಂದೂ ಹೊಟ್ಟೆ ನಗಾರಿ ಆಗಿದೆ. ರಾತ್ರಿಯೆಲ್ಲ ಓಮದ ನೀರು ಕುಡಿದುಕೊಂಡು ಕೂತಿದ್ದೆ." ಸ್ವಲ್ಪ ತಡೆದು, ದನಿ ತಗ್ಗಿಸಿ, "ಇವಳು ಹೇಗೆ ತಿಂತಿದ್ಲೋ ಅಷ್ಟೂನೂ," ಎಂದರು.

ನಡುಮನೆಯ ಮಂಚದ ಮೇಲಿದ್ದವಳಿಗೆ ಅದು ಕೇಳಿಸಿತು. "ನಿಂತುಕೊಂಡು ತಿಂತಿದ್ದೆ, ಕಿಟಕಿಯ ಕಡೆ ನೋಡಿಕೊಂಡು" ಎಂದು ಹೇಳಬೇಕೆನಿಸಿತು. ಒಳಗೆ ಎರಡು ಪಾವು ಅಕ್ಕಿಯನ್ನು ತೊಳೆಯುವ ಸದ್ದು ಬೇಗನೆ ಮುಗಿಯಿತು. ಸತ್ಯಭಾಮಮ್ಮ ಮಗ್ಗುಲಾಗಲು ಹೋಗಿ, ಹೊಲಿಗೆ ಎಳೆದದ್ದರಿಂದ ಹಾಗೆಯೇ ಅಂಗಾತ ಮಲಗಿ, ಮತ್ತೆ ಕಣ್ಣು ಮುಚ್ಚಿದಳು.